ಕಾಕಾನ ಪಕ್ಕದ ಕಂಬ

ನಮ್ಮೂರಿನಲ್ಲಿ ಮನೆ ಕಟ್ಟುವವರು ಗೋಡೆ ಎಬ್ಬಿಸುತ್ತಾರೆ, ತೊಲೆ ಜೋಡಿಸುತ್ತಾರೆ, ಮೇಲೆ ಮಣ್ಣಿನ ಮಾಳಿಗೆ ಹಾಕುತ್ತಾರೆ. ಕಂಬಗಳನ್ನು ಮಾತ್ರ ತರುವುದಿಲ್ಲ. ಅವು ತಾವಾಗಿ ಬರುತ್ತವೆ. ಮಗು ಹುಟ್ಟಿದ ಮರುದಿನ ಬೆಳಿಗ್ಗೆ ನೋಡಿದರೆ ಪಡಸಾಲೆಯಲ್ಲಿ ಹೊಸ ಕಂಬವೊಂದು ತೊಲೆಗೆ ತಲೆಗೊಟ್ಟು ನಿಂತಿರುತ್ತದೆ. ಸೊಸೆಯಾಗಿ ಬಂದವಳಿಗೂ ಒಂದು ಬರುತ್ತದೆ, ಆದರೆ ಯಾವಾಗ ಎಂದು ಹೇಳಲಾಗದು. ಅದು ಮನೆಯ ಮರ್ಜಿ. ಕಂಬ ಯಾರದೆಂದು ತಿಳಿಯುವುದು ಕಷ್ಟವಲ್ಲ. ತಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂತವರಿಗೆ ನಿದ್ದೆ ಹತ್ತುತ್ತದೆ. ಇನ್ನೊಬ್ಬರ ಕಂಬಕ್ಕೆ ಒರಗಿದರೆ ಬೆನ್ನಿನ ಮೇಲೆ ಇರುವೆ ಹರಿದ ಹಾಗಾಗುತ್ತದೆ. ಅದಕ್ಕೇ ನಮ್ಮೂರಿನಲ್ಲಿ ಪರರ ಮನೆಗೆ ಹೋದವರು ನೆಟ್ಟಗೆ ಕೂರುತ್ತಾರೆ. ನಮ್ಮಲ್ಲಿ ಮರ್ಯಾದೆ ಎಂದರೆ ಅದೇ.

ನಮ್ಮ ವಾಡೆ ಊರಿಗೆ ಹಳೆಯದು. ಎರಡಾಳೆತ್ತರದ ಅಗಸಿ ಬಾಗಿಲು, ಅದರ ಎಡಬಲಕ್ಕೆ ಒಂದೊಂದು ಕೋಣೆ, ದಾಟಿದರೆ ಅಂಗಳ, ಅಂಗಳ ದಾಟಿದರೆ ಕಂಬದ ಪಡಸಾಲೆ. ಇದನ್ನು ಕಟ್ಟಿಸಿದ ರುದ್ರಗೌಡ ಹೊಸದಾಗಿ ಮದುವೆಯಾದವನು. ಮನೆಯಲ್ಲಿ ಇದ್ದುದು ಅವನೊಬ್ಬನ ಕಂಬ. ಆದರೂ ಪಡಸಾಲೆಯನ್ನು ಒಂದು ಮದುವೆಯ ದಿಬ್ಬಣ ಕೂರುವಷ್ಟು ಅಗಲ ಮಾಡಿಸಿದ. ಮಾಳಿಗೆ ಗಬ್ಬದ ಎಮ್ಮೆಯ ಹೊಟ್ಟೆಯಂತೆ ಜೋತು ಬಿತ್ತು. ಊರವರು ಬಂದು ತಲೆಯೆತ್ತಿ ನೋಡಿ ನಕ್ಕು ಹೋದರಂತೆ. ರುದ್ರಗೌಡ ಮಾತ್ರ, "ಗ್ವಾಡಿ ನಮ್ಮ ಆಸೆ, ಕಂಬ ಅದರ ಮರ್ಜಿ" ಎಂದು ಆ ಜೋತುಬಿದ್ದ ಮಾಳಿಗೆಯ ಕೆಳಗೇ ಹಾಸಿಗೆ ಬಿಡಿಸಿ ಮಲಗಿದ. ನಮ್ಮ ಮನೆತನದ ಧೈರ್ಯವೆಲ್ಲ ಅಲ್ಲಿಗೇ ಖರ್ಚಾಗಿಹೋಯಿತು ಎಂದು ಅಪ್ಪ ಹೇಳುತ್ತಾರೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಓದುವಾಗ ಶಾಸನಗಳಲ್ಲಿ ಅಕ್ಷರ ಸವೆದುಹೋದ ಜಾಗಗಳೇ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದವು. ಇದ್ದುದನ್ನು ಓದಮ್ಮ ಎಂದು ಗುರುಗಳು ಬೈಯುತ್ತಿದ್ದರು. ಊರಿಗೆ ಮರಳಿದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಪಡಸಾಲೆಯ ಕಂಬಗಳ ನಡುವೆ ಓಡಾಡುತ್ತ, ಅವು ಹೇಳದೆ ಬಿಟ್ಟದ್ದೇನು ಎಂದು ಯೋಚಿಸುವುದು ನನ್ನ ಹಗಲಾಯಿತು. ರುದ್ರಗೌಡನ ಇಬ್ಬರು ಹೆಂಡಿರ ಕಂಬಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿವೆ. ಅವರು ಬದುಕಿದ್ದಷ್ಟು ದಿನ ಒಬ್ಬರೊಂದಿಗೊಬ್ಬರು ಮಾತಾಡಲಿಲ್ಲವೆಂದು ಮನೆಯಲ್ಲಿ ಹೇಳುತ್ತಾರೆ. ಹಾಗಾದರೆ ಮಧ್ಯಾಹ್ನಗಳಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹತ್ತಿಸಿ ನಿದ್ದೆ ಮಾಡುತ್ತಿದ್ದರು ಎಂದಾಯಿತಲ್ಲ. ಜಗಳವಾಡಿ ಮನೆ ಬಿಟ್ಟು ಹೋಗಿ ಮತ್ತೆ ಮುಖ ತೋರಿಸದ ಮುತ್ತಜ್ಜನ ತಮ್ಮನ ಕಂಬ ನಟ್ಟನಡುವೆ ಇದೆ, ಅತಿ ದೊಡ್ಡ ತೊಲೆ ನಿಂತಿರುವುದು ಅದರ ಮೇಲೆಯೇ. ತೊಟ್ಟಿಲಲ್ಲಿಯೇ ತೀರಿಕೊಂಡ ಒಂದು ಹೆಣ್ಣುಮಗುವಿನ ಕಂಬವಿದೆ. ಅದೂ ಉಳಿದವುಗಳಷ್ಟೇ ದಪ್ಪ, ಅಷ್ಟೇ ಭಾರ ಹೊತ್ತಿದೆ.

ಆಯಿಯ ಕಂಬದ ಕಥೆ ಬೇರೆ. ಆಯಿ ಎಂದರೆ ಅಪ್ಪನ ತಾಯಿ, ನೀಲಗಂಗವ್ವ. ಅವಳು ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ ಕಳೆದರೂ ಕಂಬ ಬರಲಿಲ್ಲ. ಎರಡು ಗಂಡುಮಕ್ಕಳು ಹುಟ್ಟಿ ಅವರ ಕಂಬಗಳು ಬಂದವು. ಆಯಿ ಮಾತ್ರ ನೆಟ್ಟಗೆ ಕೂತು ಅವರಿಗೆ ಹಾಲು ಕುಡಿಸಿದಳು. ಕೊನೆಗೆ ಬಂದಾಗ ಸಿಟ್ಟಿನಿಂದ ಕಂಬದ ತಲೆಯ ಬೋದಿಗೆಯಲ್ಲಿ ಗಿಣಿಗಳನ್ನು ಪಡಸಾಲೆಗೆ ಬೆನ್ನು ಮಾಡಿ ಕೆತ್ತಿಸಿದಳಂತೆ. ಅವ್ವನ ಕಂಬ ಬಂದದ್ದು ಅವಳು ಮೊದಲ ಸಲ ಆಯಿಗೆ ಎದುರಾಡಿ, ಹಿಟ್ಟಿನ ಕೈಯಲ್ಲಿ ಪಡಸಾಲೆಯ ನಡುವೆ ನಿಂತು ಕೂಗಾಡಿದ ದಿನದ ಮರುಬೆಳಿಗ್ಗೆ. "ಗದರಿಸಿದವರಿಗೆ ಈ ಮನಿ ಹೆದರತೈತಿ, ನನಗ ಮೊದಲಽ ಗೊತ್ತಿದ್ರ ಬಂದ ದಿನನ ಗದರಸ್ತಿದ್ದೆ" ಎಂದು ಆಯಿ ಇಂದಿಗೂ ಹೇಳುತ್ತಾಳೆ.

ಹೀಗಿರುವಾಗ ಶ್ರಾವಣದ ಒಂದು ಬೆಳಿಗ್ಗೆ ಅವ್ವ ಪಡಸಾಲೆ ಕಸ ಹೊಡೆಯುತ್ತ ಹಿಂದಕ್ಕೆ ಸರಿದವಳು ಬೆನ್ನಿಗೆ ಏನೋ ತಾಗಿ ನಿಂತಳು. ತಿರುಗಿ ನೋಡಿದರೆ ಹೊಸ ಕಂಬ. ನಿಂತದ್ದು ಗುರುನಾಥ ಕಾಕಾನ ಕಂಬದ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಮನೆಯಲ್ಲಿ ಯಾರೂ ಹೆತ್ತಿರಲಿಲ್ಲ. ಯಾರೂ ಹೊಸದಾಗಿ ಸೊಸೆಯಾಗಿ ಬಂದಿರಲಿಲ್ಲ. ಗುರುನಾಥ ಕಾಕಾ ಅಪ್ಪನ ತಮ್ಮ, ನಲವತ್ತೆಂಟು ದಾಟಿದ, ಮದುವೆಯಾಗದ ಮನುಷ್ಯ. ಅಗಸಿಯ ಎಡಗಡೆಯ ಕೋಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ದಿನವಿಡೀ ಗಿರಣಿಯ ಸದ್ದಿನಲ್ಲಿ ಇದ್ದವನಿಗೆ ಮಾತಿನ ರೂಢಿಯೇ ತಪ್ಪಿದೆ.

ಬಡಿಗೇರ ಮೋನಪ್ಪನನ್ನು ಕರೆಸಿದರು. ಊರಿನ ಬೋದಿಗೆಗಳನ್ನೆಲ್ಲ ಕೆತ್ತುವವನು ಅವನೇ. ಕಂಬವನ್ನು ಮೂರು ಕಡೆ ಗಿಣ್ಣಿನಿಂದ ಬಡಿದು ಕಿವಿ ಹಚ್ಚಿ ಕೇಳಿ, ಮೀಸೆ ತಿರುವಿದ. "ಗಂಡುಕೂಸು. ಬರದು ಕೊಡ್ತೀನಿ. ಅಪ್ಪನ ಮಗ್ಗಲಕ ಬಂದೈತಿ, ಮತ್ತೇನ್ ಬೇಕ್ರಿ?"

"ಯಾರ ಅಪ್ಪನ ಮಗ್ಗಲಕ?" ಎಂದು ಅಪ್ಪ ಕೇಳಿದರು.

ಮೋನಪ್ಪ ಉಳಿ ಸುತ್ತಿಟ್ಟುಕೊಂಡು, "ಅದನ್ನ ನಾ ಹ್ಯಾಂಗ ಹೇಳ್ಲಿ ಗೌಡ್ರ, ಗಿರಣಿಯಾಗ ಕೇಳ್ರಿ" ಎಂದು ಅಗಸಿ ದಾಟಿ ಹೋದ. ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು.

ಅಪ್ಪ ಕಾಕಾನನ್ನು ಕರೆದು ನಿಲ್ಲಿಸಿ ಕೇಳಿದರು. ಕಾಕಾ ಕಂಬವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ನನಗ ಯಾವ ಕೂಸೂ ಇಲ್ಲಪಾ ಅಣ್ಣ" ಎಂದು ಗಿರಣಿಗೆ ಹೋದ. ಅಪ್ಪನಿಗೆ ಮಾನ ಹೋದ ಹಾಗಾಯಿತು, ಎರಡು ದಿನ ಸಂತೆ ಕಡೆ ತಲೆ ಹಾಕಲಿಲ್ಲ. ಆಯಿಗೆ ಮಾತ್ರ ಹಬ್ಬ. "ಯಾರ ಹೊಟ್ಟ್ಯಾಗರೆ ಹುಟ್ಟಿರ್ಲಿ, ಎತಗೊಂಡು ಬಾರೋ ಯಪ್ಪಾ. ನಾ ಯಾರಿಗೂ ಏನೂ ಕೇಳೂದಿಲ್ಲ" ಎಂದು ಗಿರಣಿಯ ಬಾಗಿಲಲ್ಲಿ ನಿಂತು ಕೂಗಿದಳು. ಗಿರಣಿಯ ಸದ್ದಿನಲ್ಲಿ ಅದು ಕಾಕಾನಿಗೆ ಕೇಳಲಿಲ್ಲ, ಸಾಲಿನಲ್ಲಿ ಡಬ್ಬಿ ಹಿಡಿದು ನಿಂತವರಿಗೆಲ್ಲ ಕೇಳಿತು. ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯಿತು. ಆಯಿ ತಾನೇ ಹುಣಸೆಹಣ್ಣು ಹಚ್ಚಿ ಅದರ ಹಿತ್ತಾಳೆ ಸರಪಳಿ ತಿಕ್ಕಿದಳು.

ನಮ್ಮೂರು ಇಂಥದ್ದನ್ನು ಬಿಡುವ ಊರಲ್ಲ. ಗಿರಣಿಗೆ ಅರ್ಧ ಸೇರು ಗೋಧಿ ಹಿಡಿದು ಬರುವವರು ಹೆಚ್ಚಾದರು. "ಗುರುನಾಥಪ್ಪ, ಸಣ್ಣಗ ಬೀಸ್ರಿ, ಕೂಸಿನ ಉಂಡಿಗೆ ಬೇಕು" ಎಂದು ಒಬ್ಬಳು ಹೇಳಿದರೆ ಹಿಂದಿನಿಂದ ನಗೆ. ಹಾಲು ಹಾಕುವ ಫಕೀರಮ್ಮ ತನ್ನ ಮೊಮ್ಮಗನನ್ನು ತಂದು, "ಎದಕ್ಕೂ ಇರ್ಲಿ, ಇವನ್ನ ಒಮ್ಮಿ ಒರಗಿಸಿ ನೋಡ್ರಿ, ಇವನ ಮೂಗು ನಮ್ಮ ಕಡೀದಲ್ಲ" ಎಂದಳು. ಆ ಕೂಸು ಕಂಬಕ್ಕೆ ತಾಗಿದೊಡನೆ ಚೀರಿದ ಚೀರಿಗೆ ಮಾಳಿಗೆಯ ಪಾರಿವಾಳಗಳು ಹಾರಿಹೋದವು. ಆಮೇಲೆ ದಿನಕ್ಕೆ ಒಂದೆರಡು ಕೂಸುಗಳಾದರೂ ಬಂದವು. ಯಾವುದೂ ಮಲಗಲಿಲ್ಲ. ಆಯಿ ಎಲ್ಲವಕ್ಕೂ ಬೆಲ್ಲ ನೆಕ್ಕಿಸಿ ಕಳಿಸಿದಳು.

ಅಷ್ಟರಲ್ಲಿ ಕಂಬ ಇಳಿಯತೊಡಗಿತು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ತನ್ನವರು ಬಂದು ಒರಗದಿದ್ದರೆ ಬಂದ ಕಂಬ ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ, ಒಮ್ಮೆ ಇಳಿದರೆ ಅವರ ಪಾಲಿಗೆ ಮತ್ತೆಂದೂ ಬರುವುದಿಲ್ಲ. ಮೇಲಿನ ಓಣಿಯ ಮನೆಯೊಂದರಲ್ಲಿ ಸೊಸೆ ಮುನಿಸಿಕೊಂಡು ತವರಿನಲ್ಲಿ ಕೂತಾಗ ಅವಳ ಕಂಬ ಬಂದು, ಕಾದು, ಇಳಿದುಹೋಯಿತು. ಅವಳು ತಿರುಗಿ ಬಂದು ಮಕ್ಕಳು ಮೊಮ್ಮಕ್ಕಳನ್ನು ಕಂಡಳು, ಆದರೆ ಕೊನೆಯವರೆಗೂ ಆ ಮನೆಯಲ್ಲಿ ನೆಟ್ಟಗೆ ಕೂತೇ ಬಾಳಿದಳು. ನಮ್ಮ ಹೊಸ ಕಂಬದ ತಲೆಗೂ ತೊಲೆಗೂ ನಡುವೆ ಮೊದಲು ಒಂದು ಗೆರೆ ಕಂಡಿತು. ನಂತರ ಆ ಗೆರೆಯಲ್ಲಿ ಹಾಳೆ ತೂರಿಸಬಹುದಾಯಿತು.

ಒಂದು ಮಧ್ಯಾಹ್ನ ನಾನು ನನ್ನ ಕಂಬಕ್ಕೆ ಒರಗಿ ಅರೆನಿದ್ದೆಯಲ್ಲಿದ್ದೆ. ನನ್ನದು ಬೆಳಕಿಂಡಿಯ ಕೆಳಗೆ ಮೂಲೆಯಲ್ಲಿದೆ, ಅಲ್ಲಿ ಕೂತವರು ಸುಲಭಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪಡಸಾಲೆಯ ಬಲ್ಬು ಆರಿತು. ಗಿರಣಿ ದೀರ್ಘ ಉಸಿರು ಬಿಟ್ಟ ಹಾಗೆ ನಿಂತಿತು. ನಮ್ಮೂರಿನಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ದಿನದ ಪಾಡು. ಆ ಮೌನವನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು, ನನಗೆ ಬಹಳ ಪ್ರಿಯವಾದದ್ದು. ಆದರೆ ಅವತ್ತು ಅದರೊಳಗೆ ಇನ್ನೊಂದು ಮೌನ ಇರುವುದು ಕಿವಿಗೆ ಬಿತ್ತು.

ಅಗಸಿಯ ಬಲಗಡೆಯ ಕೋಣೆಯಲ್ಲಿ ತಾರಾಬಾಯಿ ಹೊಲಿಗೆ ಶಾಲೆ ನಡೆಸುತ್ತಾರೆ. ಊರಿಗೆಲ್ಲ ಅವರು ಹೊಲಿಗಿ ಅಕ್ಕೋರು. ಮರದ ಅಡ್ಡೆಯಿಂದ ಕಂಬ ಕೊಂಡುತರುವ ಯಾವುದೋ ದೂರದ ಊರಿನವರು. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರದೊಂದಿಗೆ ಇಲ್ಲಿಗೆ ಬಂದು ಆ ಕೋಣೆ ಬಾಡಿಗೆಗೆ ಹಿಡಿದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಆ ಲಂಗವನ್ನು ಹೊಲಿದವರೂ ಅವರೇ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಂಗಳ ದಾಟಿ ಕಂಬದ ಪಡಸಾಲೆಗೆ ಬಂದವರಲ್ಲ. ಬಾಡಿಗೆಯವರು ಹಾಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಕಣ್ಣು ಸದಾ ಕೆಂಪು. ಕೇಳಿದರೆ, "ನನಗೂ ನಿದ್ದಿಗೂ ಆಗಿ ಬರೂದಿಲ್ಲವಾ" ಎನ್ನುವರು.

ಗಿರಣಿ ನಿಂತ ಗಳಿಗೆಯಲ್ಲಿಯೇ ಆ ಕೋಣೆಯ ಹೊಲಿಗೆ ಯಂತ್ರವೂ ನಿಂತಿತ್ತು. ಗಿರಣಿ ನಿಲ್ಲಲಿ, ಅದಕ್ಕೆ ಕರೆಂಟು ಬೇಕು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಯಾಕೆ ನಿಲ್ಲಬೇಕು?

ನಾನು ಎದ್ದು ಅಗಸಿಯ ತನಕ ಹೋದೆ. ಕಟ್ಟೆಯ ಮೇಲೆ ಕಾಕಾ ಒಂದು ತುದಿಗೆ, ಅಕ್ಕೋರು ಒಂದು ತುದಿಗೆ ಕೂತಿದ್ದರು. ನಡುವೆ ಮೂರು ಜನ ಕೂರುವಷ್ಟು ಜಾಗ. ಇಬ್ಬರ ಕೈಯಲ್ಲೂ ಚಹಾದ ಲೋಟ. ಇದನ್ನು ನಾನು ನೂರು ಸಲ ನೋಡಿದ್ದೆ, ಬೀದಿಯವರೂ ನೋಡಿದ್ದರು. ಯಾರ ಕಣ್ಣಿಗೂ ಅದರಲ್ಲಿ ಏನೂ ಕಂಡಿರಲಿಲ್ಲ, ಯಾಕೆಂದರೆ ಅಲ್ಲಿ ಮಾತೇ ಇರಲಿಲ್ಲ. "ಚಾ ತಗೋರಿ ಅಕ್ಕೋರೆ." "ಹೂಂರಿ." ಅಷ್ಟೇ. ಕರೆಂಟು ಬಂತು. ಕಾಕಾ ಎದ್ದ. ಅಕ್ಕೋರು ಎದ್ದರು. ಗಿರಣಿ ಶುರುವಾಯಿತು, ಹೊಲಿಗೆ ಯಂತ್ರವೂ ಶುರುವಾಯಿತು.

ನಮ್ಮೂರಿನವರು ಯಾಕೆ ತಪ್ಪಿದರು ಎಂದು ನನಗೆ ಆಗ ತಿಳಿಯಿತು. ಸೊಸೆಯ ಕಂಬ ಮದುವೆಯಾದ ಮೇಲೆಯೇ ಬರುತ್ತದೆ, ಅದೂ ಸತಾಯಿಸಿ ಬರುತ್ತದೆ ಎಂಬುದನ್ನೇ ನೋಡಿ ನೋಡಿ, ಮನೆ ಒಮ್ಮೆಯಾದರೂ ಮನುಷ್ಯರಿಗಿಂತ ಮುಂದೆ ಹೋಗಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಕಾಕಾ ಪಡಸಾಲೆಯಲ್ಲಿ ಒಬ್ಬನೇ ನಿಂತು ಕೈಯೆತ್ತಿ ಕಂಬದ ತಲೆಯ ಮೇಲಿನ ಸಂದಿಯಲ್ಲಿ ಬೆರಳು ತೂರಿಸಿ ನೋಡುತ್ತಿದ್ದ. ನನ್ನನ್ನು ಕಂಡು ಕೈ ಇಳಿಸಿದ.

"ಎರಡು ಬೆರಳು ಹಿಡಿಸ್ತಾವು ನೋಡವಾ ಇಂದೂ" ಎಂದ.

"ಕಾಕಾ, ಅದು ಯಾರದು ಅಂತ ನಿನಗ ಗೊತ್ತೈತಿ."

ಅವನು ಹುಬ್ಬಿನ ಹಿಟ್ಟು ಒರೆಸಿಕೊಂಡ.

"ಮೊದಲ ದಿನದಿಂದನೂ ಗೊತ್ತೈತಿ. ಮತ್ತ ಯಾಕ ಕರಕೊಂಡು ಬರವಲ್ಲಿ?"

ನನಗೆ ಮೌನಗಳ ಪರಿಚಯವಿದೆ ಎಂದುಕೊಂಡಿದ್ದೆ. ಅವತ್ತಿನ ಅವನ ಮೌನದ ಎದುರು ನಿಲ್ಲುವುದು ನನಗೇ ಕಷ್ಟವಾಯಿತು. ಕೊನೆಗೆ ಅವನು, "ಕರಕೊಂಡು ಬಂದೆ ಅನ್ನು. ಒರಗಿದ್ರು ಅನ್ನು. ನಿದ್ದಿ ಬರಲಿಲ್ಲಂದ್ರ?" ಎಂದ. ಆಮೇಲೆ, "ಈಗರೆ ದಿನಾ ಕರೆಂಟು ಹೋಗತೈತಿ" ಎಂದ.

ಕಂಬ ಇಳಿದರೆ ಇನ್ನು ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಅದು ಅವನ ಎರಡು ಬೆರಳಿಗೆ ಗೊತ್ತಿತ್ತು. ಇಷ್ಟು ವರ್ಷ ಅವನು ಕಾಪಾಡಿಕೊಂಡು ಬಂದದ್ದು ಕಟ್ಟೆಯ ಮೇಲಿನ ಆ ಮೂರು ಜನದ ಜಾಗ. ಅದನ್ನು ಕಳೆದುಕೊಳ್ಳುವುದಕ್ಕಿಂತ ಕಂಬ ಕಳೆದುಕೊಳ್ಳಲು ಅವನು ತಯಾರಾಗಿದ್ದ. ಮೌನ ಇಷ್ಟು ದುಬಾರಿ ಎಂದು ಯಾವ ಶಾಸನದ ಸವೆದ ಸಾಲೂ ನನಗೆ ಹೇಳಿರಲಿಲ್ಲ.

ಮರುದಿನ ಊಟವಾದ ಮೇಲೆ ನಾನು ಹೊಲಿಗೆ ಶಾಲೆಗೆ ಹೋದೆ. "ಅಕ್ಕೋರೆ, ಆಯಿ ಕುಪ್ಪಸ ಹೊಲಿಸಬೇಕಂತ. ಮೊಣಕಾಲು ಹಿಡದಾವು, ಅಗಸಿ ತನಕ ಬರಾಕ ಆಗವಲ್ತು. ಒಳಗ ಬಂದು ಅಳತಿ ತಗೋತೀರೇನು?" ಮೊಣಕಾಲಿನ ಮಾತು ಸುಳ್ಳಲ್ಲ. ಕುಪ್ಪಸದ ಮಾತನ್ನು ಆಯಿಗೆ ಬರುವಾಗ ಹೇಳಿದ್ದೆ. ಅವಳು, "ಹಬ್ಬಕ್ಕ ಎರಡು ಹೊಲಿಸ್ತೀನಿ ಹಂಗಾರ" ಎಂದಿದ್ದಳು.

ತಾರಾಬಾಯಿ ಅನುಮಾನಿಸಿದರು. "ಪಡಸಾಲಿಗೆ ಬರಬೇಕಾ?"

"ಆಯಿನ ಕರದಾಳ್ರಿ."

ಅವರು ಕೊರಳಿಗೆ ಅಳತೆ ಟೇಪು ಹಾಕಿಕೊಂಡು ನನ್ನ ಹಿಂದೆ ಬಂದರು. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಕಂಬಗಳ ನಡುವೆ ಸೀರೆಯ ಸೆರಗು ಕೂಡ ತಾಗದಂತೆ ಮೈ ಕಿರಿದು ಮಾಡಿ ನಡೆದರು. ಆಯಿಯ ಅಳತೆ ತೆಗೆಯುವುದು ಸುಲಭದ ಕೆಲಸವಾಗಿರಲಿಲ್ಲ. "ತೋಳು ಸಡ್ಲ ಇರ್ಲಿ, ನಾ ಇನ್ನೂ ದಪ್ಪ ಆಗಾಕಿ ಅದೀನಿ" ಎಂದು ಮಾತಿಗೊಮ್ಮೆ ತಿರುಗುತ್ತಿದ್ದಳು. ಆಮೇಲೆ, "ತಡೀರಿ, ನನ್ನ ಮದಿವಿ ಕುಪ್ಪಸ ಐತಿ, ಅದರ ಕೊರಳಿನಂಗ ಮಾಡ್ರಿ. ಕುಂದರ್ರಿ ಅಕ್ಕೋರೆ, ಬಂದೆ" ಎಂದು ಒಳಗೆ ಪೆಟ್ಟಿಗೆ ತೆಗೆಯಲು ಹೋದಳು.

ಅಕ್ಕೋರು ನೆಲದ ಮೇಲೆ, ಯಾವ ಕಂಬವೂ ಬೆನ್ನಿಗೆ ತಾಗದಂತೆ ನೋಡಿ ಕೂತರು. ನೆಟ್ಟಗೆ, ಶಾಲೆಯ ಹುಡುಗಿಯ ಹಾಗೆ. ಹೊಸ ಕಂಬ ಅವರ ಬೆನ್ನಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ನನ್ನ ಮೂಲೆಗೆ ಹೋಗಿ ಕೂತೆ. ಹೊರಗೆ ಗಿರಣಿ ಗುಂಯ್ ಎನ್ನುತ್ತಿತ್ತು. ಒರಗ್ರಿ ಎಂದು ಹೇಳಲು ಬಾಯಿ ಬಾರದೆ ನಾನು ಬೆಳಕಿಂಡಿ ನೋಡುತ್ತ ಕೂತೆ.

ಬಲ್ಬು ಆರಿತು. ಗಿರಣಿ ನಿಂತಿತು.

ಅವರ ಭುಜಗಳು ಸಡಿಲವಾದದ್ದನ್ನು ನಾನು ಕಂಡೆ. ಅದು ಅವರು ಯೋಚಿಸಿ ಮಾಡಿದ್ದಲ್ಲ. ಇಷ್ಟು ವರ್ಷ ಈ ಮೌನ ಬಿದ್ದ ಕೂಡಲೆ ಕಾಲು ಪೆಡಲಿನಿಂದ ಇಳಿದು, ಬೆನ್ನು ಹಿಂದಕ್ಕೆ ಸರಿದು ರೂಢಿಯಾದ ಮೈ ಅದು. ಅವರು ಹಿಂದಕ್ಕೆ ಸರಿದರು. ಬೆನ್ನು ಕಂಬಕ್ಕೆ ತಾಗಿತು. ಒಮ್ಮೆ ಕಣ್ಣು ಬಿಟ್ಟು ಏಳಬೇಕೆಂದುಕೊಂಡಂತೆ ಕೈ ಊರಿದರು, ಆ ಕೈ ಅಲ್ಲೇ ಉಳಿಯಿತು. ತಲೆ ಓರೆಯಾಯಿತು.

ಗೊರಕೆ ಬಂತು. ಸಣ್ಣದಲ್ಲ, ಅಡ್ಡಿಯಿಲ್ಲ ಎನ್ನುವಂಥ ಗೊರಕೆ.

ಅಂಗಳದಲ್ಲಿ ಹೆಜ್ಜೆಯ ಸಪ್ಪಳವಾಯಿತು. ಕಾಕಾ ಎರಡು ಲೋಟ ಚಹಾ ಹಿಡಿದು ಬಂದಿದ್ದ. ಹೊಲಿಗೆ ಕೋಣೆ ಖಾಲಿ ಇದ್ದುದನ್ನು ಕಂಡು, ಅಂಗಳದ ಚಪ್ಪಲಿ ಕಂಡು, ಪಡಸಾಲೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ಆಯಿ ಮದುವೆಯ ಕುಪ್ಪಸ ಹಿಡಿದು ಒಳಗಿನಿಂದ ಬಂದಳು, ಅವಳ ಹಿಂದೆ ಅವ್ವ. ಹೊರಗಿನಿಂದ ಅಪ್ಪ ಬಂದರು, ಏನೋ ಹೇಳಲು ಬಾಯಿ ತೆರೆದರು. ಆಯಿ ಅವರ ಕಡೆಗೆ ಕುಪ್ಪಸ ಬೀಸಿದಳು. ಎಲ್ಲರೂ ನಿಂತಲ್ಲೇ ನಿಂತೆವು. ಆಗ ಹೊಸ ಕಂಬ ಮೇಲಕ್ಕೆ ಸರಿಯಿತು. ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಸರಿದು ತೊಲೆಗೆ ಟಕ್ಕೆಂದು ಕೂತಿತು. ಮಾಳಿಗೆಯಿಂದ ಒಂದು ಹಿಡಿ ಮಣ್ಣು ಉದುರಿ ಅಕ್ಕೋರ ತಲೆಯ ಮೇಲೆ ಬಿತ್ತು. ಅವರು ಏಳಲಿಲ್ಲ.

"ಎಬ್ಬಿಸಬ್ಯಾಡ್ರಿ" ಎಂದಳು ಆಯಿ, ಕಿವಿಯಲ್ಲಿ ಹೇಳುವ ಹಾಗೆ. "ಈ ಮನ್ಯಾಗ ಹಿಂಗ ಮಲಗಾಕ ನಾ ಹನ್ನೊಂದು ವರ್ಷ ಕಾದೀನಿ. ಈಕಿ ನೋಡು, ಮದಿವಿಗಿಂತ ಮೊದಲ." ಹೊಟ್ಟೆಕಿಚ್ಚಿನ ಮಾತಾಡುತ್ತ ಅವಳ ಮುಖ ತುಂಬ ನಗುವಿತ್ತು.

ನನ್ನ ಬದುಕಿನಲ್ಲಿ ನಾನು ಕೇಳಿದ ಮೌನಗಳಲ್ಲಿ ಅದು ಅತಿ ದೊಡ್ಡದು. ಅದರ ತುಂಬ ಜನರಿದ್ದರು.

ಕರೆಂಟು ಬಂದು ಬಲ್ಬು ಹತ್ತಿತು. ಚಹಾದ ಅವಸರದಲ್ಲಿ ಕಾಕಾ ಗಿರಣಿಯ ಸ್ವಿಚ್ಚು ತೆಗೆಯದೆ ಬಂದಿದ್ದ, ಅದು ತಾನೇ ಗುಂಯ್ ಎಂದು ಎದ್ದಿತು. ಅಕ್ಕೋರು ದಡಬಡಿಸಿ ಎಚ್ಚರಗೊಂಡರು. ಎದುರಿಗೆ ನಿಂತವರನ್ನು ಕಂಡು, ಬೆನ್ನ ಹಿಂದಿನ ಕಂಬ ಕಂಡು ಮುಖ ಬಿಳುಪೇರಿತು. "ತಪ್ಪಾತ್ರಿ, ಯಾರ ಕಂಬಕ್ಕ ಒರಗಿದೆನೋ..."

"ನಿನ್ನದಕ್ಕ ಒರಗಿದಿ ತಾಯಿ" ಎಂದಳು ಆಯಿ.

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಈ ಊರಿನ ನೀರು ಇಷ್ಟು ವರ್ಷ ಕುಡಿದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ತಿರುಗಿ ಕಂಬದ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ತಲೆಯ ಮಣ್ಣು ಕೊಡವಿಕೊಂಡು, ಟೇಪು ನೆಟ್ಟಗೆ ಮಾಡಿಕೊಂಡು, ಕಾಕಾನ ಕಡೆಗೆ ನೋಡಿ ಹೇಳಿದರು: "ಮನಿ ಕೇಳ್ತು. ಖರೇ. ಮನ್ಯಾವರೂ ಒಂದು ಮಾತು ಕೇಳಬೇಕಾಗ್ತದ ಗುರುನಾಥಪ್ಪಾರೆ. ನಾ ಕಂಬದ ಕೂಡ ಸಂಸಾರ ಮಾಡಾಕಿ ಅಲ್ಲ."

ಕಾಕಾ ಬಾಯಿ ತೆರೆದ. ಹೊರಗೆ ಗಿರಣಿ ಗುಂಯ್ ಎನ್ನುತ್ತಿತ್ತು. ಬಾಯಿ ಮುಚ್ಚಿದ. ಎರಡೂ ಲೋಟಗಳನ್ನು ನನ್ನ ಕೈಗೆ ಕೊಟ್ಟು ತಿರುಗಿ ಅಂಗಳ ದಾಟಿ ಹೊರಟೇಹೋದ.

"ಹೋದ್ನಲ್ಲೋ" ಎಂದರು ಅಪ್ಪ.

ಅಕ್ಕೋರು ಟೇಪು ಸುತ್ತತೊಡಗಿದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು. ಆಗ ಗಿರಣಿ ನಿಂತಿತು.

ನಾನು ತಲೆಯೆತ್ತಿ ಬಲ್ಬು ನೋಡಿದೆ. ಅದು ಉರಿಯುತ್ತಿತ್ತು. ಹಗಲು ಹೊತ್ತಿನಲ್ಲಿ ಕರೆಂಟು ಇದ್ದಾಗ ನಮ್ಮ ಗಿರಣಿ ನಿಂತದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಅಕ್ಕೋರೂ ಬಲ್ಬನ್ನೇ ನೋಡುತ್ತಿದ್ದರು. ಹೊರಗೆ ಡಬ್ಬಿ ಹಿಡಿದು ನಿಂತವರ ಗಲಾಟೆ ಶುರುವಾಯಿತು. "ಯಾಕ್ರೀ ಗುರುನಾಥಪ್ಪ, ಕರೆಂಟ್ ಐತೆಲ್ಲ? ನನ್ನ ಜ್ವಾಳ ಅರ್ಧಕ್ಕ ನಿಂತಾವು." ಕಾಕಾನ ದನಿ ಕೇಳಿತು. "ಕರೆಂಟ್ ಐತ್ರಿ. ಇವತ್ತ ಬೀಸೂದಿಲ್ಲ."

ಅವನು ತಿರುಗಿ ಬಂದು ಪಡಸಾಲೆಯಲ್ಲಿ ಅವರ ಎದುರಿಗೆ ನಿಂತ. ಕಟ್ಟೆಯ ಮೇಲಿನ ಮೂರು ಜನದ ಜಾಗ ಈಗ ಇಬ್ಬರ ನಡುವೆ ಇರಲಿಲ್ಲ.

"ಅಕ್ಕೋರೆ" ಎಂದ.

"ಮೊದಲ ಆ ಅಕ್ಕೋರೆ ಅನ್ನೂದು ಬಿಡೋ ಹುಚ್ಚಾ" ಎಂದಳು ಆಯಿ.

ಕಾಕಾ ಒಂದು ಹೆಜ್ಜೆ ಮುಂದೆ ಬಂದ. "ತಾರಾ. ಚಾ ಆರೈತಿ. ನೀವು ಹೂಂ ಅಂದ್ರ... ಇನ್ಮ್ಯಾಲೆ ಕರೆಂಟ್ ಇದ್ದಾಗೂ ಕುಡಿಯೂಣೇನು?"

ಅವರು ನನ್ನ ಕೈಯಿಂದ ಎರಡೂ ಲೋಟ ತೆಗೆದುಕೊಂಡರು. ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ತಮ್ಮ ಕಂಬದ ಬುಡದಲ್ಲಿ ಕೂತು, ಆರಿದ ಚಹಾ ಒಂದು ಗುಟುಕು ಕುಡಿದು, "ಹೂಂ" ಎಂದರು.

ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಏರಿಸಲು ಆಯಿ ಒಪ್ಪಲಿಲ್ಲ. ಅದೀಗ ಪಡಸಾಲೆಯಲ್ಲಿಯೇ ತೂಗುತ್ತದೆ, ಅದರ ತುಂಬ ಬಣ್ಣಬಣ್ಣದ ಕತ್ತರಿಸಿದ ಬಟ್ಟೆಯ ತುಂಡುಗಳು. ಮೋನಪ್ಪ ಉಳಿ ಹಿಡಿದು ಬಂದ. ಗಂಡುಕೂಸೆಂದು ಹೇಳಿದ್ದನ್ನು ಯಾರಾದರೂ ಎತ್ತುತ್ತಾರೆಂದು ಬಾಗಿಲಲ್ಲೇ ಕೆಮ್ಮಿದ. ಬೋದಿಗೆಯ ಮೇಲೆ ಏನು ಕೆತ್ತಲಿ ಎಂದು ಕೇಳಲು ತಿರುಗಿದವನು ಉಳಿ ಕೆಳಗಿಟ್ಟು ಸುಮ್ಮನೆ ಕೂತ. ಕಾಕಾನೂ ಕಾಕಿಯೂ ತಮ್ಮ ತಮ್ಮ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು. ಬಲ್ಬು ಉರಿಯುತ್ತಿತ್ತು.